ಸರ್ ಸಿ. ವಿ. ರಾಮನ್ನರೂ ರೇಡಿಯೋ ಅಲೆಗಳೂ

ವಿಜಯವಾಡದಲ್ಲಿಯೋ ವಿಶಾಖಪಟ್ಟಣದಲ್ಲಿಯೋ ಬಹುಕಾಲದಿಂದ ನೆಲಸಿರುವ ಕನ್ನಡ ಮನೆಗಳ ಹಿರಿಯರಿಗೆ ಒಂದು ಅನುಭವವು ಚೆನ್ನಾಗಿ ನೆನಪಿರಬೇಕು. ಹಗಲಿನಲ್ಲಿ ರೇಡಿಯೋದ ಗುಂಡಿಯನ್ನು ಎಷ್ಟು ತಿರುಗಿಸಿದರೂ ಸರಿಯಾಗಿ ಕೇಳಿಸದ ಬೆಂಗಳೂರು ನಿಲಯವು, ರಾತ್ರಿ ಊಟ ಮುಗಿಯುವ ವೇಳೆಗೆ ಗೊರಗೊರ ಸದ್ದಿನ ನಡುವಿನಿಂದ ತಾನಾಗಿಯೇ ಕನ್ನಡ ನುಡಿಯತೊಡಗುತ್ತಿತ್ತು. ಸ್ವರವು ಒಮ್ಮೆ ಏರುವುದು, ಒಮ್ಮೆ ಕುಗ್ಗುವುದು. ಆದರೂ ಮನೆಮಂದಿಯೆಲ್ಲ ಪೆಟ್ಟಿಗೆಯ ಸುತ್ತ ಕುಳಿತು ಕೇಳುತ್ತಿದ್ದರು. ನಿಲಯದವರು ಮೊದಲಿಗೆ ಇಷ್ಟು ಮೀಟರು, ಇಷ್ಟು ಕಿಲೋಹರ್ಟ್ಸ್ ಎಂದು ಅಂಕಿಗಳನ್ನು ಹೇಳುವರು. ಅವುಗಳ ಅರ್ಥವೇನೆಂದು ಮಕ್ಕಳು ಕೇಳಿದರೆ, ನಮ್ಮಲ್ಲಿ ಬಹುಮಂದಿ ಸುಮ್ಮನೆ ಕೇಳೆಂದು ಗದರಿಸಿ ಪಾರಾಗುತ್ತಿದ್ದೆವು. ತಡವಾಗಿಯಾದರೂ ಆ ಪ್ರಶ್ನೆಗೆ ಇಂದು ಉತ್ತರ ಕೊಡಬೇಕೆಂದು ನಾವು ಮನಸ್ಸು ಮಾಡಿದ್ದೇವೆ.

ಬರಿಯ ಶಬ್ದಾರ್ಥದ ಪಟ್ಟಿಯನ್ನು ಕೊಟ್ಟರೆ ವಾಚಕರು ಪುಟ ತಿರುವಿಬಿಡುವರೆಂಬ ಭಯವು ನಮಗುಂಟು. ಆದುದರಿಂದ ಒಬ್ಬ ಮಹನೀಯರ ಜೀವನವನ್ನು ಹೇಳುತ್ತ, ದಾರಿಯಲ್ಲಿ ಎದುರಾಗುವ ಪದಗಳನ್ನು ಬಿಡಿಸುತ್ತ ಹೋಗುತ್ತೇವೆ. ಅವರು ಸರ್ ಚಂದ್ರಶೇಖರ ವೆಂಕಟರಾಮನ್. ರಾಮನ್ನರು ರೇಡಿಯೋ ವಿಜ್ಞಾನಿಗಳಲ್ಲವಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ನಿಜ. ಆದರೆ ಅವರ ಆಯುಷ್ಯವೆಲ್ಲ ಅಲೆಗಳ ವಿಚಾರದಲ್ಲಿಯೇ ಕಳೆಯಿತು; ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದ ಶೋಧನೆಯನ್ನು ರೇಡಿಯೋದ ಭಾಷೆಯಲ್ಲಿ ಹೇಳಿದಷ್ಟು ಸುಲಭವಾಗಿ ಬೇರೊಂದು ಭಾಷೆಯಲ್ಲಿ ಹೇಳಲಾಗದು. ಅಲ್ಲದೆ ಅವರ ಬಾಲ್ಯವು ಕಳೆದುದು ವಿಶಾಖಪಟ್ಟಣದಲ್ಲಿ, ಬಾಳಿನ ಕಡೆಯ ಮೂವತ್ತೇಳು ವರ್ಷಗಳು ಕಳೆದುದು ಬೆಂಗಳೂರಿನಲ್ಲಿ. ಈ ಎರಡೂ ಊರುಗಳ ನಂಟುಳ್ಳ ನಮ್ಮ ವಾಚಕರಿಗೆ ಅವರು ಹೊರಗಿನವರಲ್ಲ.

ರಾಮನ್ನರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರಿಗೆ ವಿಶಾಖಪಟ್ಟಣದ ಎ. ವಿ. ಎನ್. ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಕೆಲಸ ದೊರೆಯಿತು. 1892ರಲ್ಲಿ ಸಂಸಾರವು ಕಾವೇರಿಯ ದಡವನ್ನು ಬಿಟ್ಟು ಪೂರ್ವ ಸಮುದ್ರದ ದಡಕ್ಕೆ ಬಂದಿತು. ಮನೆಯೊಳಗೆ ತಮಿಳು, ಹೊಸಲು ದಾಟಿದರೆ ತೆಲುಗು. ಬಾಲಕನು ಸೇಂಟ್ ಅಲೋಷಿಯಸ್ ಶಾಲೆಯಲ್ಲಿ ಓದಿ ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದನು. ಮಂಗಳೂರಿನವರು ಇದೇ ಹೆಸರಿನ ತಮ್ಮ ಕಾಲೇಜನ್ನು ನೆನೆದುಕೊಂಡರೆ ತಪ್ಪಿಲ್ಲ, ಆದರೆ ಇದು ಬೇರೆ. ಹದಿಮೂರನೆಯ ವಯಸ್ಸಿಗೆ ತಂದೆಯ ಕಾಲೇಜಿನಲ್ಲಿಯೇ ಎಫ್. ಎ. ಪರೀಕ್ಷೆಯೂ ಆಯಿತು. ಮನೆಯಲ್ಲಿ ತಂದೆಯ ವಿಜ್ಞಾನ ಗ್ರಂಥಗಳ ಸಂಗ್ರಹವಿದ್ದಿತು, ಸಂಗೀತವೂ ಇದ್ದಿತು. ಈ ಎರಡರಿಂದಲೇ ಮುಂದಿನದೆಲ್ಲ ಬೆಳೆಯಿತು.

ಆ ಬಾಲ್ಯದ ಬಗ್ಗೆ ಅವರ ಚರಿತ್ರೆಯನ್ನು ಬರೆದವರು ಹೇಳುವ ಒಂದು ಸಂಗತಿಯಿದೆ. ಹುಡುಗನು ಕಾಯಿಲೆಯಿಂದ ಮಲಗಿದ್ದಾಗ, ಲೇಡನ್ ಜಾಡಿಯ ಕಿಡಿಯನ್ನು ತೋರಿಸಬೇಕೆಂದು ಹಟ ಹಿಡಿದು, ತಂದೆ ಅದನ್ನು ತೋರಿಸುವ ತನಕ ಸುಮ್ಮನಾಗಲಿಲ್ಲವಂತೆ. ಲೇಡನ್ ಜಾಡಿಯೆಂದರೆ ಒಳಗೂ ಹೊರಗೂ ತೆಳುವಾದ ತವರದ ಹಾಳೆಯನ್ನು ಅಂಟಿಸಿದ ಗಾಜಿನ ಜಾಡಿ. ನಡುವೆ ಗಾಜಿರುವುದರಿಂದ ಎರಡು ಹಾಳೆಗಳೂ ಒಂದನ್ನೊಂದು ಮುಟ್ಟವು. ಒಳಗಿನ ಹಾಳೆಗೆ ವಿದ್ಯುತ್ತನ್ನು ತುಂಬಿದರೆ ಅದು ಹೊರಗಿನ ಹಾಳೆಯನ್ನು ಸೇರಲು ತವಕಿಸುತ್ತದೆ, ಗಾಜು ತಡೆಯುತ್ತದೆ. ಹೀಗೆ ವಿದ್ಯುತ್ತನ್ನು ಕೂಡಿಡುವ ಸಾಧನಕ್ಕೆ ಕಂಡೆನ್ಸರ್ ಎಂದು ಹೆಸರು, ಶಾಸ್ತ್ರದ ಪುಸ್ತಕಗಳಲ್ಲಿ ಸಂಧಾರಕ. ಆ ತವಕಕ್ಕೆ, ಅಂದರೆ ವಿದ್ಯುತ್ತಿನ ಒತ್ತಡಕ್ಕೆ, ಅಳತೆ ವೋಲ್ಟ್. ಹಿತ್ತಲ ತೊಟ್ಟಿಯ ನೀರಿಗೂ ಮಾಳಿಗೆಯ ಮೇಲಿನ ತೊಟ್ಟಿಯ ನೀರಿಗೂ ಇರುವ ರಭಸದ ಅಂತರವನ್ನು ನೆನೆದರೆ ಇದು ಅರ್ಥವಾಗುವುದು. ಜಾಡಿಯಲ್ಲಿ ಒತ್ತಡವು ಸಾವಿರಾರು ವೋಲ್ಟುಗಳಿಗೆ ಏರುತ್ತದೆ. ಎರಡು ಹಾಳೆಗಳಿಂದಲೂ ತಂತಿಗಳನ್ನು ತಂದು ತುದಿಗಳನ್ನು ಹತ್ತಿರ ಹಿಡಿದರೆ ಚಟ್ಟೆಂದು ಕಿಡಿ ಹಾರುತ್ತದೆ.

ಆ ಕಿಡಿಯು ನೋಡುವವರ ಕಣ್ಣಿಗೆ ಒಂದೇ ಒಂದು ಮಿಂಚು. ನಿಜವಾಗಿ ಅದರೊಳಗೆ ವಿದ್ಯುತ್ತು ಒಮ್ಮೆ ಆ ಕಡೆಗೆ ಹಾಯ್ದು, ಮಿತಿಮೀರಿ ಹರಿದು, ಮರಳಿ ಈ ಕಡೆಗೆ ಬಂದು, ತೂಗುಯ್ಯಾಲೆಯಂತೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲದ ವೇಗದಲ್ಲಿ ಓಲಾಡಿ ಅಡಗುತ್ತದೆ. ಹಾಗೆ ಓಲಾಡುವ ವಿದ್ಯುತ್ತು ಸುತ್ತಲಿನ ಆಕಾಶಕ್ಕೆ ಅಲೆಗಳನ್ನು ಎಬ್ಬಿಸುತ್ತದೆ. ಜರ್ಮನಿಯ ಹೈನ್ರಿಕ್ ಹರ್ಟ್ಸ್ ಎಂಬ ವಿಜ್ಞಾನಿಯು ಕಿಡಿಗಳಿಂದ ಇಂತಹ ಅಲೆಗಳನ್ನು ಎಬ್ಬಿಸಿ, ಕೋಣೆಯ ಇನ್ನೊಂದು ಬದಿಯಲ್ಲಿ ಅವುಗಳನ್ನು ಹಿಡಿದು ತೋರಿಸಿದುದು 1887 ಮತ್ತು 1888ರಲ್ಲಿ. ಎಂದರೆ ರಾಮನ್ನರು ಹುಟ್ಟಿದ ಕಾಲದಲ್ಲಿಯೇ. ಅಧ್ಯಾಪಕರ ಮನೆಯ ಆ ಕಿಡಿಯೂ ಒಂದು ಪುಟ್ಟ ರೇಡಿಯೋ ನಿಲಯವೇ ಆಗಿತ್ತು. ಅದನ್ನು ಕೇಳುವ ಪೆಟ್ಟಿಗೆ ಮಾತ್ರ ಆ ಊರಿನಲ್ಲಿ ಇರಲಿಲ್ಲ.

ಬಾಲಕನು ತಾನೇ ಒಂದು ಡೈನಮೋವನ್ನು ಕಟ್ಟಿದನೆಂದೂ ಹೇಳುವರು. ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ತಿರುಗಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುವುದು. ಸೈಕಲ್ಲಿನ ದೀಪಕ್ಕೆ ಕಟ್ಟುತ್ತಿದ್ದ ಡೈನಮೋವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹರಿಯುವ ವಿದ್ಯುತ್ತಿನ ಪ್ರಮಾಣಕ್ಕೆ ಅಳತೆ ಆಂಪಿಯರ್, ತಂತಿಯು ಒಡ್ಡುವ ತಡೆಗೆ ಅಳತೆ ಓಮ್. ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು, ತಡೆ ಹೆಚ್ಚಿದಷ್ಟೂ ಹರಿವು ಕಡಿಮೆ. ಮನೆಗೆ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಲ್ಲ; ಸೆಕೆಂಡಿಗೆ 50 ಸಲ ಹೋಗಿ ಬಂದು ಮಾಡುತ್ತದೆ. ಹೀಗೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಓಲಾಟ ನಡೆಯಿತೆಂಬ ಎಣಿಕೆಯೇ ಕಂಪನಾಂಕ. ಹಿಂದೆ ಇದನ್ನು ಸೈಕಲ್ ಎಂದು ಎಣಿಸುತ್ತಿದ್ದರು. ಈಗ ಮೇಲೆ ಹೇಳಿದ ವಿಜ್ಞಾನಿಯ ಗೌರವಾರ್ಥವಾಗಿ ಹರ್ಟ್ಸ್ ಎನ್ನುವರು. ಸಾವಿರ ಹರ್ಟ್ಸ್ ಒಂದು ಕಿಲೋಹರ್ಟ್ಸ್. ವಾಚಕರು ಈ ಒಂದು ಪದವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು, ಉಳಿದುದೆಲ್ಲ ಇದರ ಹಿಂದೆ ಬರುತ್ತದೆ.

ವಿಶಾಖಪಟ್ಟಣದ ಓದು ಮುಗಿದ ಮೇಲೆ ರಾಮನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1904ರಲ್ಲಿ ಬಿ. ಎ., 1907ರಲ್ಲಿ ಎಂ. ಎ.; ಎರಡರಲ್ಲಿಯೂ ಅಗ್ರಸ್ಥಾನ. ಹದಿನೆಂಟನೆಯ ವಯಸ್ಸಿನಲ್ಲಿಯೇ ಅವರ ಮೊದಲ ಲೇಖನವು ಲಂಡನ್ನಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗಿ ಓದಲು ದೇಹಸ್ಥಿತಿ ಒಗ್ಗದೆಂದು ವೈದ್ಯರು ಹೇಳಿದುದರಿಂದ, ಅವರು ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆಯಾದರು. ಅದೇ 1907ರಲ್ಲಿ, ವೀಣೆ ಬಲ್ಲ ಲೋಕಸುಂದರಿಯವರನ್ನು ವಿವಾಹವಾಗಿ ಕಲ್ಕತ್ತೆಗೆ ತೆರಳಿದರು. ಅಲ್ಲಿ ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ, ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಫಲಕವು ಕಣ್ಣಿಗೆ ಬಿದ್ದಿತು. ಆ ದಿನಗಳಿಂದ ಬೆಳಿಗ್ಗೆ ಸಂಜೆಗಳು ಪ್ರಯೋಗಶಾಲೆಗೆ, ನಡುವಣ ಹೊತ್ತು ಕಚೇರಿಯ ಲೆಕ್ಕಪತ್ರಗಳಿಗೆ. ರಂಗೂನಿಗೂ ನಾಗಪುರಕ್ಕೂ ವರ್ಗವಾಗಿದ್ದ ಸ್ವಲ್ಪ ಕಾಲವನ್ನು ಬಿಟ್ಟರೆ, ಹತ್ತು ವರ್ಷ ಹೀಗೆಯೇ ನಡೆಯಿತು. 1917ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಕೊಟ್ಟಾಗ, ಸಂಬಳವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುವುದಾದರೂ ಅವರು ಸರ್ಕಾರಿ ಕೆಲಸವನ್ನು ಬಿಟ್ಟರು. ಸಂಸಾರಸ್ಥರಾದ ವಾಚಕರು ಇಲ್ಲಿ ಒಂದು ಗಳಿಗೆ ನಿಂತು, ಆ ದಂಪತಿಗಳ ಮನೆಯಲ್ಲಿ ಆ ದಿನ ಏನು ಮಾತು ನಡೆದಿರಬಹುದೆಂದು ಊಹಿಸಿಕೊಳ್ಳಬೇಕು.

ಆ ವರ್ಷಗಳಲ್ಲಿ ಅವರ ಗಮನವು ಹೆಚ್ಚಾಗಿ ನಾದದ ಮೇಲಿತ್ತು. ವೀಣೆ, ತಂಬೂರಿ, ಪಿಟೀಲು, ಮೃದಂಗಗಳನ್ನು ಅವರು ಪ್ರಯೋಗದ ಮೇಜಿನ ಮೇಲೆ ಇಟ್ಟು ಪರೀಕ್ಷಿಸಿದರು. ಮೀಟಿದ ತಂತಿಯು ಸೆಕೆಂಡಿಗೆ 200 ಸಲ ಕಂಪಿಸಿದರೆ ಅದು ಮೂಲ ಸ್ವರ. ಅದರೊಡನೆ 400, 600, 800 ಎಂಬ ಉಪಸ್ವರಗಳೂ ಹುಟ್ಟುತ್ತವೆ. ಸಾಮಾನ್ಯ ಚರ್ಮವಾದ್ಯಗಳಲ್ಲಿ ಉಪಸ್ವರಗಳು ಹೀಗೆ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ, ಆದುದರಿಂದ ಅವು ಗದ್ದಲವೆನಿಸುತ್ತವೆ. ಮೃದಂಗದ ನಡುವಣ ಕಪ್ಪು ಕರಣೆಯು ಚರ್ಮದ ಭಾರವನ್ನು ಹಂಚಿ, ಉಪಸ್ವರಗಳನ್ನು ತಂತಿವಾದ್ಯದಂತೆ ಲೆಕ್ಕಕ್ಕೆ ತರುತ್ತದೆಂಬುದನ್ನು ರಾಮನ್ನರು 1920ರಲ್ಲಿ ಪ್ರಕಟಿಸಿದರು. ನಮ್ಮ ಹಳೆಯ ವಾದ್ಯಗಾರರು ಕಿವಿಯಿಂದ ಕಂಡುಕೊಂಡುದನ್ನು ಅವರು ಅಂಕಿಯಿಂದ ತೋರಿಸಿದರು. ಇಲ್ಲಿಯೇ ಇನ್ನೆರಡು ಪದಗಳನ್ನು ಬಿಡಿಸಿಬಿಡೋಣ. ತಂತಿಯು ಎಷ್ಟು ಅಗಲವಾಗಿ ತೂಗುವುದೋ ಅದು ಅಲೆಯ ಎತ್ತರ. ಗಟ್ಟಿಯಾಗಿ ಮೀಟಿದರೆ ಎತ್ತರ ಹೆಚ್ಚುವುದೇ ಹೊರತು ಕಂಪನಾಂಕ ಬದಲಾಗದು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ದೂರವು ಅಲೆಯುದ್ದ. ಅಲೆಯ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ಅಲೆಯುದ್ದವು ಸಿಗುತ್ತದೆ.

ರೇಡಿಯೋ ಅಲೆಗೂ ಬೆಳಕಿಗೂ ವೇಗ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಕಂಪನಾಂಕ ಮಾತ್ರ ಬೇರೆ. 1948ರ ಡಿಸೆಂಬರ್ 1ರಂದು ಆರಂಭವಾದ ವಿಜಯವಾಡ ನಿಲಯವು ಬಹುಕಾಲ 837 ಕಿಲೋಹರ್ಟ್ಸ್‌ನಲ್ಲಿ ಬಿತ್ತರಿಸಿತು. ಭಾಗಿಸಿ ನೋಡಿದರೆ ಅಲೆಯುದ್ದ ಸುಮಾರು 358 ಮೀಟರು. 1963ರಲ್ಲಿ ಆರಂಭವಾದ ವಿಶಾಖಪಟ್ಟಣ ನಿಲಯದ 927ಕ್ಕೆ ಸುಮಾರು 324 ಮೀಟರು; ಬೆಂಗಳೂರಿನ 612ಕ್ಕೆ ಸುಮಾರು 490 ಮೀಟರು. ಈ ಮಧ್ಯಮ ಅಲೆಗಳು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗಿ, ದೂರ ಹೋದಂತೆ ಸೊರಗುತ್ತವೆ. ಮೇಲಕ್ಕೆ ಹೋದವನ್ನು, ಬಿಸಿಲಿನಿಂದ ವಿದ್ಯುದಂಶ ತಳೆದ ವಾಯುಮಂಡಲದ ಒಂದು ಪದರವು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರವು ಕರಗುವುದು. ಅದಕ್ಕೂ ಮೇಲಿನ ಪದರವು ಕನ್ನಡಿಯಂತೆ ಅಲೆಯನ್ನು ಹಿಂದಕ್ಕೆ ನೂಕಿ ನೂರಾರು ಮೈಲಿ ಆಚೆಗೆ ಇಳಿಸುವುದು. ರಾತ್ರಿ ನಮಗೆ ಕನ್ನಡ ಕೇಳಿಸುತ್ತಿದ್ದುದಕ್ಕೆ ಕಾರಣವಿಷ್ಟೆ. ಈ ಪದರಗಳಿಗೆ ಒಟ್ಟಾಗಿ ಅಯಾನುಗೋಲವೆಂದು ಹೆಸರು. ವಿಶಾಖಪಟ್ಟಣದ ವಾಲ್ಟೇರಿನಲ್ಲಿರುವ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ 1950ರ ದಶಕದಿಂದಲೇ ಇವುಗಳ ಸಂಶೋಧನೆ ನಡೆದುಬಂದಿದೆ.

ಆದರೆ ಸೆಕೆಂಡಿಗೆ 6,12,000 ಸಲ ಕಂಪಿಸುವ ಅಲೆಯನ್ನು ಯಾವ ಕಿವಿಯೂ ಕೇಳಲಾರದು. ಅದು ಬರಿಯ ಬಂಡಿ. ಅದಕ್ಕೆ ವಾಹಕ ಅಲೆಯೆಂದು ಹೆಸರು. ಗಾಯಕರ ಸ್ವರವನ್ನು ಅದರ ಮೇಲೆ ಹೇರಬೇಕು. ಸ್ವರವು ಏರಿದಂತೆ ಇಳಿದಂತೆ ವಾಹಕದ ಎತ್ತರವನ್ನು ಏರಿಸಿ ಇಳಿಸಬೇಕು. ಈ ಹೇರಿಕೆಯೇ ಮಾಡ್ಯುಲೇಷನ್. ಹೀಗೆ ಮಾಡಿದಾಗ ಒಂದು ವಿಚಿತ್ರವು ನಡೆಯುತ್ತದೆ. 612 ಕಿಲೋಹರ್ಟ್ಸ್ ವಾಹಕದ ಮೇಲೆ 4 ಕಿಲೋಹರ್ಟ್ಸ್ ಸ್ವರವನ್ನು ಹೇರಿದರೆ, ಹೊರಡುವ ಅಲೆಗಳು ಮೂರಾಗುತ್ತವೆ: ನಡುವೆ 612, ಒಂದು ಪಕ್ಕಕ್ಕೆ 608, ಇನ್ನೊಂದು ಪಕ್ಕಕ್ಕೆ 616. ಈ ಎರಡಕ್ಕೆ ಪಾರ್ಶ್ವ ಅಲೆಗಳೆನ್ನುವರು. ಹಾಡು ಇರುವುದು ಈ ಪಾರ್ಶ್ವ ಅಲೆಗಳಲ್ಲಿ. ಅವು ವಾಹಕದಿಂದ ಎಷ್ಟು ದೂರದಲ್ಲಿವೆಯೆಂದು ಅಳೆದರೆ, ನಿಲಯದಲ್ಲಿ ಯಾವ ಸ್ವರವನ್ನು ನುಡಿಸಿದರೆಂದು ಹೇಳಿಬಿಡಬಹುದು. ವಾಚಕರು ಇದನ್ನು ಮರೆಯದಿರಲಿ.

1921ರಲ್ಲಿ ರಾಮನ್ನರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ, ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯು ಅವರ ಮನಸ್ಸನ್ನು ಸೆರೆಹಿಡಿಯಿತು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲೀಯವರು ಹೇಳಿದ್ದರು. ರಾಮನ್ನರು ಕೈಯಲ್ಲಿದ್ದ ಚಿಕ್ಕ ನಿಕಾಲ್ ಪಟ್ಟಕದಿಂದ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರು, ನೀಲಿಯು ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆ, ಉದ್ದನೆಯ ಕೆಂಪು ಅಲೆಗಿಂತ ಗಿಡ್ಡನೆಯ ನೀಲಿ ಅಲೆಯನ್ನು ಬಹಳ ಹೆಚ್ಚಾಗಿ ಚೆದರಿಸುತ್ತವೆ ಎಂಬ ತೀರ್ಮಾನವನ್ನು ಅವರು ಮುಂಬಯಿ ಬಂದರನ್ನು ತಲುಪುವ ವೇಳೆಗೆ ಬರೆದು ಮುಗಿಸಿದ್ದರು. ಹತ್ತು ವರ್ಷ ಕಡಲಿನ ಪಕ್ಕದಲ್ಲಿ ಬೆಳೆದ ಹುಡುಗನಿಗೆ ಈ ಪ್ರಶ್ನೆಯು ಆಗಲೇ ಹುಟ್ಟಿತ್ತೆಂದು ಹೇಳಲು ನಮಗೆ ಆಧಾರವಿಲ್ಲ. ವಿಶಾಖಪಟ್ಟಣದ ವಾಚಕರು ಹಾಗೆ ನಂಬಲು ಬಯಸಿದರೆ ನಾವು ಅಡ್ಡ ಬರುವುದಿಲ್ಲ.

ಮುಂದಿನ ಏಳು ವರ್ಷ ಚೆದರಿದ ಬೆಳಕಿನ ಬೆನ್ನು ಹತ್ತಿದರು. ಚೆದರಿದ ಬೆಳಕಿನಲ್ಲಿ ಮೂಲ ಬಣ್ಣದ ಜೊತೆಗೆ ಇನ್ನಾವುದೋ ಕ್ಷೀಣ ಬಣ್ಣವಿದೆಯೆಂಬ ಸುಳಿವು ಶಿಷ್ಯರಾದ ಕೆ. ಆರ್. ರಾಮನಾಥನ್ನರಿಗೆ 1923ರಲ್ಲಿಯೇ ದೊರೆತಿದ್ದಿತು. ದ್ರವದ ಕಲ್ಮಷದಿಂದ ಹೀಗಾಗುವುದೆಂದು ಮೊದಲು ಶಂಕಿಸಿದರು. ಎಷ್ಟು ಶುದ್ಧಿ ಮಾಡಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ನರು ಅನೇಕ ದ್ರವಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಫೆಬ್ರವರಿ 28ರಂದು ಪಾದರಸದ ದೀಪದ ಬೆಳಕನ್ನು ಹಾಯಿಸಿ, ಚೆದರಿದುದನ್ನು ಪುಟ್ಟ ರೋಹಿತದರ್ಶಕದಲ್ಲಿ ನೋಡಿದಾಗ, ದೀಪದಲ್ಲಿ ಇಲ್ಲದ ಹೊಸ ಗೆರೆಗಳು ಕಾಣಿಸಿದವು. ಸಾಧನಗಳ ಬೆಲೆಯು ಕೆಲವು ನೂರು ರೂಪಾಯಿಗಳನ್ನು ಮೀರಿರಲಿಲ್ಲ. ಆ ಶೋಧನೆಯ ವಿಸ್ತಾರವಾದ ಮೊದಲ ಉಪನ್ಯಾಸವನ್ನು ರಾಮನ್ನರು ಮಾಡಿದುದು ಕಲ್ಕತ್ತೆಯಲ್ಲಲ್ಲ. ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ.

ಈಗ ರೇಡಿಯೋದ ಮಾತಿಗೆ ಹಿಂದಿರುಗೋಣ. ಪಾದರಸ ದೀಪದ ನೀಲನೇರಳೆ ಬೆಳಕಿನ ಕಂಪನಾಂಕವು ಸೆಕೆಂಡಿಗೆ ಸುಮಾರು 688 ಲಕ್ಷ ಕೋಟಿ. ಇದು ವಾಹಕ. ಬೆಂಜೀನ್ ಎಂಬ ದ್ರವದ ಅಣುವು ಉಸಿರಾಡಿದಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಆ ಕಂಪನದ ಎಣಿಕೆ ಸೆಕೆಂಡಿಗೆ ಸುಮಾರು 30 ಲಕ್ಷ ಕೋಟಿ. ಇದು ಸ್ವರ. ಅಣುವು ತನ್ನ ಸ್ವರವನ್ನು ಬೆಳಕಿನ ಮೇಲೆ ಹೇರಿ ಚೆದರಿಸುತ್ತದೆ. ಆಗ ನಡುವಣ 688ರ ಜೊತೆಗೆ 658 ಲಕ್ಷ ಕೋಟಿ, 718 ಲಕ್ಷ ಕೋಟಿ ಎಂಬ ಎರಡು ಪಾರ್ಶ್ವಗಳು ಹುಟ್ಟುತ್ತವೆ. ರೋಹಿತದರ್ಶಕದಲ್ಲಿ ಕಂಡ ಹೊಸ ಗೆರೆಗಳು ಇವೇ. ಗೆರೆಯು ಎಷ್ಟು ಸರಿದಿದೆಯೆಂದು ಅಳೆದರೆ ಅಣುವಿನ ಸ್ವರವೇನೆಂದು ತಿಳಿಯುತ್ತದೆ; ಸ್ವರವು ತಿಳಿದರೆ ಅಣುವಿನ ಕಟ್ಟಡವು ತಿಳಿಯುತ್ತದೆ. ಪ್ರತಿಯೊಂದು ವಸ್ತುವೂ ಒಂದೊಂದು ನಿಲಯ, ಪ್ರತಿಯೊಂದಕ್ಕೂ ತನ್ನದೇ ರಾಗ. ಮೃದಂಗದ ಸ್ವರಗಳನ್ನು ಎಣಿಸಿದ ಕೈಗೆ ಅಣುವಿನ ಸ್ವರವೂ ಸಿಕ್ಕಿತು.

ಹೋಲಿಕೆಯನ್ನು ಹೆಚ್ಚು ಎಳೆದರೆ ಹರಿಯುವುದು ಎಂಬುದನ್ನೂ ಹೇಳಬೇಕು. ರೇಡಿಯೋದ ಎರಡು ಪಾರ್ಶ್ವ ಅಲೆಗಳೂ ಸಮಬಲದವು. ಇಲ್ಲಿ ಹಾಗಲ್ಲ, ಬೆಂಜೀನಿನಲ್ಲಿ ಮೇಲಿನ ಗೆರೆಯು ಕೆಳಗಿನದರ ನೂರರಲ್ಲೊಂದು ಪಾಲಿನಷ್ಟು ಮಾತ್ರ. ಬೆಳಕು ಅಣುವಿಗೆ ಶಕ್ತಿಯನ್ನು ಕೊಡುವುದೂ ಪಡೆಯುವುದೂ ಕಂತುಕಂತಾಗಿ; ಬಹುಪಾಲು ಅಣುಗಳು ಕೆಳಗಿನ ಮೆಟ್ಟಲಲ್ಲಿ ಇರುವುದರಿಂದ ಕೊಡಬಲ್ಲವು ವಿರಳ, ಪಡೆಯುವವೇ ಹೆಚ್ಚು. ಇದನ್ನು ವಿವರಿಸಲು ಅಲೆಯ ಲೆಕ್ಕ ಸಾಲದು, ಕ್ವಾಂಟಮ್ ಶಾಸ್ತ್ರವೇ ಬೇಕು.

ಅದೇ ತಿಂಗಳಿನಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಂ ಎಂಬ ಇಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ಪ್ರಕಟಣೆಯಲ್ಲಿ ರಾಮನ್ನರು ಮುಂದಾದರು. 1930ರ ನೊಬೆಲ್ ಪಾರಿತೋಷಕವು ರಾಮನ್ನರೊಬ್ಬರಿಗೇ ಬಂದಿತು. ಮೊದಲ ಪ್ರಕಟಣೆಯಲ್ಲಿ ಕೃಷ್ಣನ್ನರ ಹೆಸರೂ ಇದ್ದಿತು. ಹಲವು ವರ್ಷಗಳ ಯೋಚನೆಯು ರಾಮನ್ನರದು, ಆ ನಿರ್ಣಾಯಕ ವಾರಗಳ ದುಡಿಮೆಯ ಬಹುಭಾಗವು ಕೃಷ್ಣನ್ನರದು. ಅವರ ಹೆಸರನ್ನು ಬಿಟ್ಟು ಈ ಕಥೆಯನ್ನು ಹೇಳುವ ರೂಢಿಯು ನಮಗೆ ಸರಿತೋರುವುದಿಲ್ಲ.

ಶಿಷ್ಯರ ಮಾತು ಬಂದುದರಿಂದ ಕೃಷ್ಣಾ ತೀರದವರನ್ನು ನೆನೆಯಬೇಕು. ವಿಜಯವಾಡದ ಸಮೀಪದ ಆಗಿರಿಪಲ್ಲಿಯಲ್ಲಿ 1909ರಲ್ಲಿ ಹುಟ್ಟಿದ ಸೂರಿ ಭಗವಂತಂ ಅವರು 1928ರಲ್ಲಿ ರಾಮನ್ನರ ಪ್ರಯೋಗಶಾಲೆಯನ್ನು ಸೇರಿ, ಬೆಳಕಿನ ಕಣದ ಗಿರಕಿಯನ್ನು ಕುರಿತು ಗುರುವಿನೊಡನೆ ಹೆಸರಾಂತ ಪ್ರಯೋಗ ನಡೆಸಿ, ಅನಂತರ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಆ ವಿಶ್ವವಿದ್ಯಾನಿಲಯವು 1926ರಲ್ಲಿ ಆರಂಭವಾದುದು ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. ವಾಲ್ಟೇರಿಗೆ ಹೋದುದು 1930ರಲ್ಲಿ. ಅದರ ಮೊದಲ ಇಬ್ಬರು ಉಪಕುಲಪತಿಗಳಾದ ಸಿ. ಆರ್. ರೆಡ್ಡಿ ಮತ್ತು ರಾಧಾಕೃಷ್ಣನ್ ಇಬ್ಬರೂ ಮೊದಲು ಮೈಸೂರಿನಲ್ಲಿ ಕೆಲಸಮಾಡಿದವರು. ಭಗವಂತಂ ಅವರೂ 1957ರಲ್ಲಿ ಬೆಂಗಳೂರಿಗೆ ಬಂದು, ಗುರುವು ಹಿಂದೆ ಕುಳಿತಿದ್ದ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕ ಪೀಠದಲ್ಲಿ ಕುಳಿತರು.

ಗುರುವಿಗೆ ಆ ಪೀಠವು ಸುಖಕರವಾಗಿರಲಿಲ್ಲ. 1933ರಲ್ಲಿ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ರಾಮನ್ನರು ಭೌತಶಾಸ್ತ್ರಕ್ಕೆ ಒತ್ತು ಕೊಟ್ಟರು, ಮ್ಯಾಕ್ಸ್ ಬಾರ್ನ್ ಅವರಂತಹ ಘನ ವಿದ್ವಾಂಸರನ್ನು ಬರಮಾಡಿಕೊಂಡರು. ಆದರೆ ಅವರ ಮಾತು ಖಾರ, ನಡೆ ದುಡುಕು, ಎದುರಾಳಿಗಳೂ ಕಡಮೆಯವರಲ್ಲ. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಉಳಿದರು. ಈ ಕದನಗಳ ನಡುವೆಯೇ, 1935 ಮತ್ತು 1936ರಲ್ಲಿ, ಅವರು ನಾಗೇಂದ್ರನಾಥರೊಡನೆ ಒಂದು ಶ್ರೇಷ್ಠ ಸಿದ್ಧಾಂತವನ್ನು ರಚಿಸಿದರು. ಸ್ಫಟಿಕದ ಬಿಲ್ಲೆಗೆ ರೇಡಿಯೋ ಕಂಪನಾಂಕದ ವಿದ್ಯುತ್ತನ್ನು ಕೊಟ್ಟರೆ ಅದು ಅದೇ ಎಣಿಕೆಯಲ್ಲಿ ನಡುಗಿ, ದ್ರವದಲ್ಲಿ ಕಿವಿಗೆ ಕೇಳದ ನಾದವನ್ನು ಎಬ್ಬಿಸುತ್ತದೆ. ಆ ನಾದದ ಮೂಲಕ ಹಾಯುವ ಬೆಳಕು ಹೇಗೆ ಕವಲೊಡೆಯುವುದೆಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಇದೇ ಬಗೆಯ ಸ್ಫಟಿಕವು ರೇಡಿಯೋ ನಿಲಯಗಳಲ್ಲಿ ವಾಹಕದ ಕಂಪನಾಂಕವು ಕದಲದಂತೆ ಕಾಯುತ್ತದೆ. ಅದೇ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರಯಂತ್ರವನ್ನಿಟ್ಟು ಆಕಾಶವಾಣಿಯೆಂಬ ಹೆಸರಿನ ನಿಲಯವನ್ನು ಆರಂಭಿಸಿದರು.

ರಾಮನ್ನರು ಮುಂದೆ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ವಜ್ರ, ಹೂವು, ಕಣ್ಣುಗಳ ಬಣ್ಣದ ವಿಚಾರದಲ್ಲಿ ಮುಳುಗಿದರು. ರೇಡಿಯೋದಲ್ಲಿ ವಿಜ್ಞಾನ ಭಾಷಣಗಳನ್ನೂ ಮಾಡಿದರು. ಅಣುವಿನ ಸ್ವರವನ್ನು ಬೆಳಕಿನಲ್ಲಿ ಕಂಡವರ ಸ್ವರವು ಹೀಗೆ ಅಲೆಯ ಮೇಲೇರಿ ಮನೆಮನೆಗೆ ಹೋಯಿತು. 1954ರಲ್ಲಿ ಭಾರತರತ್ನವು ಬಂದಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಶಾಸ್ತ್ರವಿಧಿಗಳಿಲ್ಲದೆ ಸಂಸ್ಥೆಯ ತೋಟದಲ್ಲಿಯೇ ದಹನವು ನಡೆಯಿತು. ಆ ಜಾಗದಲ್ಲಿ ಗೋಪುರವನ್ನಾಗಲಿ ಮಂಟಪವನ್ನಾಗಲಿ ಕಟ್ಟಲಿಲ್ಲ. ಒಂದು ಗಿಡವನ್ನು ನೆಟ್ಟರು.